ನುಚ್ಚಿನ ಈಡು

ಓರ್ಫಾ ಕಾಂಬ್ಸ್ ಕೆಂಟಕಿಯ ಬೆಟ್ಟಗಳ ಸಂದಿನಲ್ಲಿ ಮೂವತ್ತೊಂದು ವರ್ಷ ಟಪಾಲು ಹಂಚಿದಳು. ಅಷ್ಟು ಕಾಲವೂ ಜೀಪಿನ ಸೀಟಿನ ಕೆಳಗೆ ಒಂದು ರಿವಾಲ್ವರ್ ಇರುತ್ತಿತ್ತು. ಇಲಾಖೆಯ ನಿಯಮದಲ್ಲಿ ಅದಕ್ಕೆ ಜಾಗವಿರಲಿಲ್ಲ. ಹಾವಿಗೂ ನಾಯಿಗೂ ನಿಯಮ ಗೊತ್ತಿಲ್ಲವೆಂದು ಅವಳೂ ಯಾರನ್ನೂ ಕೇಳಲು ಹೋಗಲಿಲ್ಲ. ಮೂವತ್ತೊಂದು ವರ್ಷದಲ್ಲಿ ಅದನ್ನು ಹಾರಿಸಿದ್ದು ಎರಡೇ ಸಲ, ಎರಡು ಸಲವೂ ಹಾವಿಗೆ, ಎರಡು ಸಲವೂ ಗುರಿ ತಪ್ಪಿತ್ತು. ನಿವೃತ್ತಳಾದ ಮೇಲಿನ ಮೂರು ವಸಂತಗಳಲ್ಲಿ ಹಾರಿಸಿದ್ದು ನಾನೂರಕ್ಕೂ ಹೆಚ್ಚು. ಎಲ್ಲವೂ ದುಂಬಿಗಳಿಗೆ.

ಮರ ಕೊರೆಯುವ ಕಪ್ಪು ದುಂಬಿಗಳು ಅವು. ಏಪ್ರಿಲ್ ಬಿಸಿಲು ಏರುತ್ತಿದ್ದಂತೆ ಜಗಲಿಯ ಮುಂದೆ ಹಾಜರಾಗುತ್ತಿದ್ದವು. ಬೆರಳು ತೂರುವಷ್ಟು ದುಂಡನೆಯ ತೂತು, ಬೈರಿಗೆಯಲ್ಲಿ ಕೊರೆದ ಹಾಗೆ. ಅದರ ಕೆಳಗೆ ನೆಲದ ಮೇಲೆ ಹಳದಿ ಪುಡಿಯ ಒಂದು ಸಣ್ಣ ಗುಪ್ಪೆ. ಓರ್ಫಾ ಬೆಳಿಗ್ಗೆ ಕಸ ಗುಡಿಸುವಾಗ ಆ ಗುಪ್ಪೆಗಳನ್ನು ಎಣಿಸುತ್ತಿದ್ದಳು.

ತೂತು ಬಿದ್ದದ್ದು ಜಗಲಿಯ ಮುಂದಿನ ಉದ್ದ ತೊಲೆಗೆ. ಅವಳ ತಾತ ಚೆಸ್ಟ್‌ನಟ್ ಮರ ಕಡಿದು, ಬಾಚಿಯಲ್ಲಿ ಕೆತ್ತಿ ಏರಿಸಿದ ತೊಲೆ ಅದು, ಇಪ್ಪತ್ತೆರಡು ಅಡಿ, ಒಂದೇ ಕಾಂಡ. ಆ ಜಾತಿಯ ಮರಗಳು ರೋಗ ಬಿದ್ದು ಆ ಬೆಟ್ಟಗಳಲ್ಲೆಲ್ಲ ನಿರ್ನಾಮವಾಗಿ ನಲವತ್ತು ವರ್ಷ ಕಳೆದಿತ್ತು. ಇನ್ನೊಂದು ತೊಲೆ ಬೇಕೆಂದರೆ ಭೂಮಿಯ ಮೇಲೆ ಎಲ್ಲೂ ಸಿಗುವಂತಿರಲಿಲ್ಲ. ಅದಕ್ಕೆ ಬಣ್ಣ ಬಳಿದವರೂ ಇಲ್ಲ. ತಾತ ಬೇಡವೆಂದಿದ್ದ, ಅಪ್ಪ ಬೇಡವೆಂದಿದ್ದ, ಓರ್ಫಾಳೂ ಬೇಡವೆಂದಳು.

1978ರ ಏಪ್ರಿಲ್ ಮೊದಲ ವಾರ ಅವಳ ಅಣ್ಣ ಹೋಬರ್ಟ್‌ನ ಮಗ ಡೆನ್ಜಿಲ್ ಏಣಿ ಹತ್ತಿ ತೊಲೆಗೆ ಚಾಕು ಚುಚ್ಚಿ ನೋಡಿದ. ಅವನು ಬಡಗಿ, ನಲವತ್ತರ ಆಸುಪಾಸಿನವನು, ಮಾತು ಕಡಿಮೆ. ಚಾಕಿನ ಅಲಗು ಎರಡು ಕಡೆ ಹಿಡಿಯವರೆಗೂ ಒಳಗೆ ಹೋಯಿತು.

"ಅತ್ತೆ, ಇನ್ನೊಂದು ವರ್ಷ ಹಿಂಗೇ ತಿಂದ್ರೆ ಇದು ತಡಿಯಲ್ಲ," ಎಂದ. "ಗೋರಿಗೆ ಹೂವಿಡೋ ಭಾನುವಾರ ಇಲ್ಲಿ ನಲವತ್ತು ಜನ ಕೂತ್ಕೋತಾರೆ. ಅವತ್ತು ಹೊಸ ತೂತು ಒಂದು ಕಂಡ್ರೂ ಇಳಿಸಿ ಕಬ್ಬಿಣದ್ದು ಹಾಕ್ತೀನಿ. ಆಮೇಲೆ ಬೈಬೇಡಿ."

"ಅಲ್ಲೀವರ್ಗೂ ಮುಟ್ಟಬೇಡ," ಎಂದಳು ಓರ್ಫಾ.

ನೆಂಟರೆಲ್ಲ ಸೇರಿ ಹಿರಿಯರ ಗೋರಿಗೆ ಹೂವಿಡುವ ಆ ಭಾನುವಾರ ಬರುವುದು ಮೇ ತಿಂಗಳ ಕೊನೆಗೆ. ಅವಳ ಕೈಯಲ್ಲಿ ಉಳಿದದ್ದು ಎಂಟು ವಾರ.

ತೋಟಾ ತುಂಬುವ ಈಡಿನ ವಿದ್ಯೆ ಅವಳಿಗೆ ಯಾರೂ ಕಲಿಸಿದ್ದಲ್ಲ. ಖಾಲಿ ಹಿತ್ತಾಳೆ ತೋಟಾಕ್ಕೆ ಮದ್ದು ಹಾಕುತ್ತಿರಲಿಲ್ಲ. ತೋಟಾದ ಬುಡದಲ್ಲಿರುವ ಕೇಪು ಸಿಡಿದಾಗ ಬರುವ ಬಲವಷ್ಟೇ ಸಾಕು ಎಂಬುದು ಅವಳ ಲೆಕ್ಕ. ಆ ಬಲ ಏನನ್ನು ದೂಡಬೇಕು ಎಂಬುದೇ ಪ್ರಶ್ನೆ. ಮೊದಲು ಮೇಣ ತುಂಬಿದಳು. ಅದು ಒಂದೇ ಉಂಡೆಯಾಗಿ ಹೋಗುತ್ತಿತ್ತು, ಹಾರುವ ದುಂಬಿಗೆ ತಾಗುತ್ತಿರಲಿಲ್ಲ. ಅಕ್ಕಿ ನುರಿದು ಹಿಟ್ಟಾಗಿ ಹೊಗೆಯಂತೆ ಬಂತು. ಉಪ್ಪು ಚೆನ್ನಾಗಿ ಹರಡಿತು, ಆದರೆ ಎರಡೇ ದಿನದಲ್ಲಿ ನಳಿಗೆಗೆ ತುಕ್ಕು ಹಿಡಿಯಿತು. ಕಡೆಗೆ ಬೆಳಗಿನ ಗಂಜಿಗೆಂದು ಇಟ್ಟಿದ್ದ ಮುಸುಕಿನ ಜೋಳದ ನುಚ್ಚನ್ನೇ ಜರಡಿ ಹಿಡಿದು ತುಂಬಿದಳು. ಎರಡು ಮಾರು ದೂರದಲ್ಲಿ ಅದು ಊಟದ ತಟ್ಟೆಯಗಲ ಹರಡಿತು. ದುಂಬಿ ಕಲ್ಲಿನಂತೆ ಕೆಳಗೆ ಬಿತ್ತು. ಯಾವ ಈಡು ಯಾವ ದಿನ, ಗಾಳಿ ಎತ್ತ ಕಡೆ, ಎಷ್ಟು ದೂರಕ್ಕೆ ಏನಾಯಿತು ಎಂಬುದನ್ನೆಲ್ಲ ಹಳೆಯ ಟಪಾಲು ಚೀಟಿಗಳ ಬೆನ್ನಿಗೆ ಬರೆದಿಟ್ಟಳು. ಎಂಟನೆಯ ತರಗತಿಗೆ ಶಾಲೆ ಬಿಟ್ಟ ಹೆಂಗಸು ಅವಳು. ವಿಚಾರಿಸಿ ನೋಡುವ ಬುದ್ಧಿಯನ್ನು ಶಾಲೆ ಕೊಡುವುದೂ ಇಲ್ಲ, ಕಸಿದುಕೊಳ್ಳುವುದೂ ಇಲ್ಲ.

ಒಂದು ನಿಯಮವನ್ನು ಅವಳು ಎಂದೂ ಮುರಿಯಲಿಲ್ಲ. ತೊಲೆಯ ಕಡೆಗೆ ಹಾರಿಸುತ್ತಿರಲಿಲ್ಲ. ಜಗಲಿಯ ಮೆಟ್ಟಿಲಲ್ಲಿ ಮನೆಗೆ ಬೆನ್ನು ಹಾಕಿ ನಿಂತು, ಎದುರಿನ ಮಣ್ಣುದಿಣ್ಣೆಯ ಕಡೆಗೆ ಮಾತ್ರ ಗುರಿ. ತಾತನ ಮರಕ್ಕೆ ಒಂದು ಕಾಳು ನುಚ್ಚು ತಾಗಿದರೂ ಅವಳಿಗೆ ಸಹಿಸದು.

ಹೋಬರ್ಟ್ ದಿನಾ ಮಧ್ಯಾಹ್ನ ಹಳ್ಳ ದಾಟಿ ಬಂದು ತೊಲೆಗೆ ತೂಗುಬಿಟ್ಟ ಉಯ್ಯಾಲೆಯಲ್ಲಿ ಕೂರುತ್ತಿದ್ದ. ಕಲ್ಲಿದ್ದಲ ಗಣಿಯಲ್ಲಿ ದುಡಿದು ಕೆಮ್ಮು ಸಂಪಾದಿಸಿದವನು. ತಂಗಿ ಹೊಡೆಯುವುದನ್ನು ನೋಡುವುದೇ ಅವನಿಗೆ ಕೆಲಸ.

"ಗಂಜಿಗೆ ನುಚ್ಚಿಲ್ಲ ಅಂತೀಯ, ದುಂಬಿಗೆ ಬಡಿಸ್ತೀಯ," ಎನ್ನುತ್ತಿದ್ದ.

"ದುಂಬಿ ಒಂದು ಸಲ ತಿಂದು ಸುಮ್ನಾಗುತ್ತೆ. ನೀನು ಎರಡನೇ ಸಲ ಕೇಳ್ತೀಯ."

"ಅಗೋ, ಬಂತು ನೋಡು ಇನ್ನೊಂದು. ಎಷ್ಟು ಧೈರ್ಯ ಅದ್ಕೆ. ಮುಖದ ಮುಂದೇನೇ ನಿಂತು ಗುರಾಯಿಸ್ತಿದೆ."

ಆ ದುಂಬಿಗಳ ರೀತಿಯೇ ಹಾಗಿತ್ತು. ಯಾರು ಮೆಟ್ಟಿಲು ಹತ್ತಿದರೂ ಮೂಗಿನ ಮುಂದೆ ಗಾಳಿಯಲ್ಲಿ ನಿಂತು ಗುಂಯ್‌ಗುಡುತ್ತಿದ್ದವು, ಮುಂದಕ್ಕೆ ನುಗ್ಗುತ್ತಿದ್ದವು, ಹಿಂದಕ್ಕೆ ಸರಿಯುತ್ತಿದ್ದವು. ಹೊಡೆಯಲು ಅಷ್ಟು ಹದವಾದ ಗುರಿ ಬೇರೆ ಇಲ್ಲ. ಏಪ್ರಿಲ್ ಮುಗಿಯುವ ಹೊತ್ತಿಗೆ ಅರವತ್ತೊಂದು ಉರುಳಿದವು.

ತೊಲೆಯಲ್ಲಿ ಒಂಬತ್ತು ಹೊಸ ತೂತು ಬಿದ್ದಿತ್ತು.

ಓರ್ಫಾ ಚೀಟಿಗಳನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಕೂತಳು. ಮೊದಲ ವರ್ಷ ತೊಂಬತ್ತು ಹೊಡೆದಿದ್ದಳು, ತೂತು ಏಳು. ಎರಡನೆಯ ವರ್ಷ ಇನ್ನೂರ ಹತ್ತು, ತೂತು ಹದಿಮೂರು. ಹೊಡೆದದ್ದಕ್ಕೂ ಕೊರೆದದ್ದಕ್ಕೂ ಸಂಬಂಧವೇ ಕಾಣಲಿಲ್ಲ. ಅವಳಿಗೆ ಸಿಟ್ಟು ಬರಲಿಲ್ಲ. ವಿಳಾಸ ಸರಿಯಾಗಿಯೇ ಇದ್ದು ಕಾಗದ ಮಾತ್ರ ತಪ್ಪು ಮನೆಗೆ ಹೋಗುತ್ತಿದ್ದರೆ ಹೇಗೆ ಅನಿಸುತ್ತಿತ್ತೋ ಹಾಗೆ ಅನಿಸಿತು. ಎಲ್ಲೋ ಒಂದು ತಿರುವು ತಪ್ಪಿದೆ, ಎಲ್ಲಿ ಎಂದು ತಿಳಿಯಬೇಕು.

ತಿಳಿದದ್ದು ಮಳೆಯಿಂದ. ಎರಡು ದಿನದ ಜಡಿಯಲ್ಲಿ ನುಚ್ಚಿನ ಡಬ್ಬಿಗೆ ತೇವ ಹತ್ತಿತ್ತು. ಆ ತೇವದ ಈಡು ತಾಗಿದ ದುಂಬಿ ಸಾಯಲಿಲ್ಲ, ಬೆಪ್ಪಾಗಿ ಮೆಟ್ಟಿಲ ಮೇಲೆ ಬಿದ್ದುಕೊಂಡಿತು. ಓರ್ಫಾ ಉಪ್ಪಿನಕಾಯಿ ಜಾಡಿಯನ್ನು ಅದರ ಮೇಲೆ ಬೋರಲು ಹಾಕಿದಳು. ಐದು ನಿಮಿಷಕ್ಕೆ ಅದು ಎದ್ದು ಗಾಜಿಗೆ ಮುಖ ಕೊಟ್ಟು ನಿಂತಿತು. ಮೂರು ವರ್ಷದಲ್ಲಿ ಅವಳು ಜೀವಂತ ದುಂಬಿಯ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕಣ್ಣುಗಳ ನಡುವೆ ಹಾಲಿನ ಹನಿ ಇಟ್ಟಂತೆ ಬಿಳಿ ಮಚ್ಚೆಯೊಂದಿತ್ತು.

ಅವಳು ಜಾಡಿಯ ಅಂಚು ಎತ್ತಿ ಬೆರಳು ಒಳಗಿಟ್ಟಳು.

"ಕಚ್ಚುತ್ತೆ ಕಣೇ," ಎಂದ ಹೋಬರ್ಟ್.

"ಕಚ್ಚಲಿ, ನೋಡೋಣ."

ದುಂಬಿ ಬೆರಳಿನ ಮೇಲೆ ಹತ್ತಿತು, ಗುಂಯ್‌ಗುಟ್ಟಿತು, ಹಿಂಭಾಗವನ್ನು ಒತ್ತಿತು. ಏನೂ ಆಗಲಿಲ್ಲ. ಅದರಲ್ಲಿ ಕೊಂಡಿಯೇ ಇರಲಿಲ್ಲ. ಓರ್ಫಾ ಅಂಗಳಕ್ಕಿಳಿದು, ಕೋಳಿಗಳು ಕುಕ್ಕುವ ಮೊದಲು, ಆ ದಿನ ಒಣ ನುಚ್ಚಿನ ಈಡುಗಳಿಗೆ ಬಿದ್ದಿದ್ದ ಹೆಣಗಳನ್ನು ಆಯ್ದಳು. ಹನ್ನೊಂದು ಸಿಕ್ಕಿದವು. ಹನ್ನೊಂದಕ್ಕೂ ಬಿಳಿ ಮಚ್ಚೆ.

ಮರುದಿನ ಏಣಿ ಹತ್ತಿ ಒಂದು ಹೊಸ ತೂತಿನ ಬಾಯಿಗೆ ಜಾಡಿ ಹಿಡಿದು ನಿಂತಳು. ಅರ್ಧ ಗಂಟೆ ಕೈ ಇಳಿಸಲಿಲ್ಲ. ಒಳಗಿನಿಂದ ಗರಗಸದ ಸದ್ದು ಸಣ್ಣಗೆ ಬರುತ್ತಿತ್ತು. ಸದ್ದು ನಿಂತಿತು, ಒಂದು ದುಂಬಿ ಸದ್ದಿಲ್ಲದೆ ಹಿಂದಕ್ಕೆ ನಡೆದು ಬಂದು ಜಾಡಿಯೊಳಗೆ ಬಿತ್ತು. ಮುಖ ಪೂರ್ತಿ ಕಪ್ಪು. ಓರ್ಫಾ ಅದಕ್ಕೂ ಬೆರಳು ಕೊಟ್ಟಳು. ಅದು ಕೊಂಡಿ ಇಳಿಸಿತು, ಚೆನ್ನಾಗಿಯೇ ಇಳಿಸಿತು.

ಏಣಿಯಿಂದಿಳಿದು ಬೆರಳನ್ನು ಬಾಯಲ್ಲಿಟ್ಟುಕೊಂಡು ಅಣ್ಣನ ಪಕ್ಕ ಕೂತಳು.

"ಕೊರೆಯೋದು ಹೆಣ್ಣು," ಎಂದಳು. "ಹೊರಗೆ ನಿಂತು ಜೋರು ಮಾಡೋದು ಗಂಡು. ಅದ್ಕೆ ಹಲ್ಲೂ ಇಲ್ಲ, ಕೊಂಡೀನೂ ಇಲ್ಲ, ಕೆಲ್ಸಾನೂ ಇಲ್ಲ. ನಾನು ಮೂರು ವರ್ಷ ಬರೀ ಗಂಡಂದಿರನ್ನ ಹೊಡೆದಿದೀನಿ."

ಹೋಬರ್ಟ್ ನಕ್ಕು ನಕ್ಕು ಕೆಮ್ಮಿದ. ಕೆಮ್ಮು ಇಳಿಯಲು ಒಂದು ಲೋಟ ನೀರು ಬೇಕಾಯಿತು. "ಮುನ್ನೂರು ಹೆಂಡ್ತೀರು ನಿನ್ನ ಹೆಸರಲ್ಲಿ ದೀಪ ಹಚ್ಚಿರ್ತಾರೆ ಬಿಡು," ಎಂದ.

"ನಗು. ಆದ್ರೆ ನನಗೆ ಇದು ಗೊತ್ತಿರಬೇಕಿತ್ತು. ಮೂವತ್ತೊಂದು ವರ್ಷ ಮನೆಮನೆ ಬಾಗಿಲಿಗೆ ಹೋಗಿದೀನಿ. ಗೇಟಿಗೆ ಓಡಿ ಬಂದು ಬೊಗಳಿದ ನಾಯಿ ಒಂದೂ ಕಚ್ಚಿಲ್ಲ. ಕಚ್ಚಿದ್ದು ಮೂರು, ಮೂರೂ ಜಗಲಿ ಕೆಳಗೆ ಸುಮ್ನೆ ಮಲಗಿದ್ವು."

ತಪ್ಪಿನ ಬೇರು ಅವಳಿಗೆ ಈಗ ಕಂಡಿತ್ತು. ತೊಲೆಯ ಕಡೆ ಹಾರಿಸುವುದಿಲ್ಲ ಎಂದಮೇಲೆ ಗುರಿಗೆ ಸಿಗುವುದು ಅಂಗಳದಲ್ಲಿ ಮೆರೆಯುವವು ಮಾತ್ರ. ಹೆಣ್ಣು ಹೂವಿನಿಂದ ನೇರ ತೂತಿಗೆ, ತೂತಿನಿಂದ ನೇರ ಹೂವಿಗೆ ಹೋಗುತ್ತಿತ್ತು. ತೊಲೆ ಕಾಯಲು ಮಾಡಿಕೊಂಡ ನಿಯಮವೇ ತೊಲೆ ತಿನ್ನುವವರನ್ನು ಕಾದಿತ್ತು.

ಹಾಗಾದರೆ ತೊಲೆಗೇ ಹೊಡೆದರೆ? ಅದನ್ನೂ ಪರೀಕ್ಷಿಸಿದಳು. ಹಿತ್ತಲ ಬೇಲಿಯಲ್ಲಿ ಅದೇ ಜಾತಿಯ ಹಳೆಯ ಅಡ್ಡಪಟ್ಟಿಯೊಂದು ಬಿದ್ದಿತ್ತು. ದಿಣ್ಣೆಗೆ ಒರಗಿಸಿ ಒಂದು ಈಡು ಹೊಡೆದಳು. ಮರದ ಮೈ ಸಿಡುಬು ಎದ್ದಂತಾಯಿತು. ಚೀಟಿಗೆ ಒಂದು ಸಾಲು ಬರೆದು ರಿವಾಲ್ವರನ್ನು ಒಳಗಿಟ್ಟಳು.

ಉಳಿದದ್ದು ಬಣ್ಣ. ಬಣ್ಣದ ಮರವನ್ನು ದುಂಬಿ ಮೂಸುವುದಿಲ್ಲ ಎಂದು ಡೆನ್ಜಿಲ್ ನಾಲ್ಕು ವರ್ಷದಿಂದ ಹೇಳುತ್ತಿದ್ದ. ಓರ್ಫಾ ಅಂದು ಸಂಜೆಯವರೆಗೂ ತೊಲೆಯನ್ನೇ ನೋಡುತ್ತ ಕೂತಳು.

"ತಾತ ಬೇಡ ಅಂದಿದ್ದ," ಎಂದಳು ಕಡೆಗೆ.

"ಹೂಂ, ಅಂದಿದ್ದ," ಎಂದ ಹೋಬರ್ಟ್. "ಬಣ್ಣದ ವಾಸನೆಗೆ ಅಜ್ಜಿಗೆ ತಲೆನೋವು ಬರ್ತಿತ್ತಲ್ಲ. ಎರಡು ದಿನ ಅಡುಗೆ ಇರ್ತಿರ್ಲಿಲ್ಲ."

ಓರ್ಫಾ ತಿರುಗಿ ನೋಡಿದಳು. "ಅಷ್ಟೇನಾ?"

"ಮತ್ತೇನು? ಮರ ತಾನೆ ಅದು."

"ಅಜ್ಜಿ ಸತ್ತು ಐವತ್ತು ವರ್ಷ ಆಯ್ತು. ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ?"

"ನೀನು ಕೇಳಿದ್ಯಾ? ಬೇಡ ಅಂದ್ರೆ ಬೇಡ ಅಂತಿದ್ದೆ. ನಿನ್ನತ್ರ ವಾದ ಮಾಡೋಕೆ ನನ್ನ ಶ್ವಾಸಕೋಶ ಎಲ್ಲಿದೆ?"

ಮುಂದಿನ ವಾರವಿಡೀ ಕೆಲಸ ನಡೆಯಿತು. ಒಂಬತ್ತು ತೂತಿನ ಬಾಯಿಗೂ ಒಂದೊಂದಾಗಿ ಜಾಡಿ ಹಿಡಿದು ಒಂಬತ್ತು ಹೆಣ್ಣುಗಳನ್ನು ಓರ್ಫಾ ತಾನೇ ಹಿಡಿದಳು, ಸೋಪಿನ ನೀರಿಗೆ ಹಾಕಿದಳು. ಡೆನ್ಜಿಲ್ ಆ ಬೇಲಿಯ ಪಟ್ಟಿಯನ್ನೇ ಸೀಳಿ ಬೆಣೆ ಮಾಡಿ ತೂತುಗಳಿಗೆ ಬಡಿದ. ಮೇ ಒಂಬತ್ತರಂದು ತೊಲೆಗೆ ಬಿಳಿ ಬಣ್ಣ ಬಳಿದರು. ಬಾಚಿಯ ಗುರುತು ಮುಚ್ಚಿಹೋಗುತ್ತದೆಂದು ಅವಳು ಇಷ್ಟು ವರ್ಷ ಹೆದರಿದ್ದಳು. ಒಣಗಿದ ಮೇಲೆ ನೋಡಿದರೆ ಬಿಳಿಯಲ್ಲಿ ನೆರಳು ಬಿದ್ದು ಒಂದೊಂದು ಏಟೂ ಮೊದಲಿಗಿಂತ ಸ್ಪಷ್ಟವಾಗಿ ಎದ್ದು ಕಂಡಿತು.

ಗಂಡುಗಳು ಮಾತ್ರ ಜಾಗ ಬಿಡಲಿಲ್ಲ. ಕಾಯಲು ಏನೂ ಇಲ್ಲದಿದ್ದರೂ ಮೆಟ್ಟಿಲ ಮುಂದೆ ಬಂದು ನಿಲ್ಲುತ್ತಿದ್ದವು. ಅದು ದಿನಾ ಬರುವ ಒಂದೇ ದುಂಬಿಯೋ, ಬೇರೆಬೇರೆಯೋ? ಹೆಣ್ಣಿಲ್ಲದ ಬಾಗಿಲನ್ನು ಎಷ್ಟು ದಿನ ಕಾಯುತ್ತದೆ? ಓರ್ಫಾಳಿಗೆ ಇದರದೇ ಗುಂಗು ಹಿಡಿಯಿತು. ನುಚ್ಚನ್ನು ಈ ಸಲ ಬೇಕೆಂದೇ ನೆನೆಸಿ ಈಡು ಮಾಡಿದಳು, ಒಂದನ್ನು ಬೆಪ್ಪಾಗುವಷ್ಟೇ ಹೊಡೆದಳು, ಅದರ ಬೆನ್ನಿಗೆ ಬೆಂಕಿಕಡ್ಡಿಯಿಂದ ಒಂದು ಚುಕ್ಕೆ ಬಿಳಿ ಬಣ್ಣ ಇಟ್ಟು ಬಿಟ್ಟಳು. ಮರುದಿನ ಅದು ಅದೇ ಜಾಗದಲ್ಲಿತ್ತು. ಅದರ ಮರುದಿನವೂ. ಚೀಟಿಗಳು ಮತ್ತೆ ತುಂಬತೊಡಗಿದವು.

ಆ ಭಾನುವಾರ ಬೆಟ್ಟದ ಮೇಲಿನ ಗೋರಿಗಳಿಗೆ ಹೂವಿಟ್ಟು ಇಳಿದ ನಲವತ್ತು ಜನ ಜಗಲಿಯಲ್ಲಿ ಕೂತು ಬೀನ್ಸು, ಜೋಳದ ರೊಟ್ಟಿ, ಒಣ ಸೇಬಿನ ಕೇಕು ತಿಂದರು. ಡೆನ್ಜಿಲ್ ಊಟಕ್ಕೆ ಮೊದಲೇ ಏಣಿ ಹತ್ತಿ ತೊಲೆಯನ್ನು ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿ ನೋಡಿದ. ಕಬ್ಬಿಣದ ಮಾತೆತ್ತದೆ ಏಣಿಯನ್ನು ಲಾರಿಗೆ ಹಾಕಿ ಬಂದು ತಟ್ಟೆ ಹಿಡಿದ.

ಹೋಬರ್ಟ್ ಉಯ್ಯಾಲೆಯಲ್ಲಿ ಕೋಳಿಯ ಕಾಲು ಕಚ್ಚುತ್ತಿದ್ದಾಗ ದುಂಬಿಯೊಂದು ಬಂದು ಅವನ ಮೂಗಿನ ಮುಂದೆ ನಿಂತು ಗುಂಯ್‌ಗುಟ್ಟಿತು.

"ಓರ್ಫಾ, ನಿನ್ನ ನುಚ್ಚಿನ ಪಿಸ್ತೂಲು ಎಲ್ಲಿ? ಊಟಕ್ಕೆ ಬಿಡ್ತಿಲ್ಲ ಇದು."

ಓರ್ಫಾ ಕನ್ನಡಕ ಹಾಕಿಕೊಂಡು ಹತ್ತಿರ ಬಂದಳು, ದುಂಬಿಯ ಬೆನ್ನು ನೋಡಿದಳು. ಚುಕ್ಕೆ ಇತ್ತು.

"ಅದನ್ನ ಮುಟ್ಟಬೇಡ," ಎಂದು ಲಂಗದ ಜೇಬಿನಿಂದ ಚೀಟಿ ತೆಗೆದಳು. "ಇವತ್ತಿಗೆ ಹತ್ತೊಂಬತ್ತು ದಿನ. ಸ್ವಲ್ಪ ಅಲ್ಲಾಡದೆ ಕೂತ್ಕೋ, ನಿನ್ನ ಕಂಡ್ರೆ ಇದಕ್ಕೆ ಯಾಕೆ ಅಷ್ಟು ಸಿಟ್ಟು ಅಂತ ನೋಡ್ಬೇಕು."