ಪೀಠಕ್ಕೇರಿದ ಪುಸ್ತಕ

ಬೈರಕೂರಿನಿಂದ ಆಂಧ್ರದ ಗಡಿಯ ಕಡೆಗೆ ಎರಡು ಮೈಲಿ ಹೋದರೆ ಸಿಗುವ ಹಳ್ಳಿಯಲ್ಲಿ ಕೋದಂಡರಾಮಪ್ಪನನ್ನು ರೈತ ಎಂದು ಯಾರೂ ಕರೆಯುವುದಿಲ್ಲ. ಒಂದೂವರೆ ಎಕರೆ ಟೊಮೇಟೊ ಇದೆ, ಇಪ್ಪತ್ತು ಮಾವಿನ ಮರ ಇದೆ, ಆದರೂ ಊರಿಗೆಲ್ಲ ಅವನು ಓದೋ ರಾಮಪ್ಪ. ಅಪ್ಪ ತೀರಿಕೊಂಡ ವರ್ಷದಿಂದ, ಅಂದರೆ ಮೂವತ್ತೈದು ವರ್ಷದಿಂದ, ಶನಿವಾರ ಸಂಜೆ ಭಜನೆ ಮನೆಯಲ್ಲಿ ಪುರಾಣ ಓದುವುದು ಅವನ ಪಾಲಿನ ಕೆಲಸ. ಗಂಟಲು ಒಳ್ಳೆಯದು. ಹಠವೂ ಕಮ್ಮಿಯಿಲ್ಲ. ಜ್ವರದಲ್ಲಿ ಕಂಬಳಿ ಹೊದ್ದು ಓದಿದ್ದಾನೆ, ಮಗ ವೆಂಕಟನ ಮದುವೆ ಚಪ್ಪರದಿಂದ ಎದ್ದು ಬಂದು ಓದಿದ್ದಾನೆ. ಹೆಂಡತಿ ರಾಮಲಕ್ಷ್ಮಮ್ಮ ಅದನ್ನು ಇವತ್ತಿಗೂ ಮರೆತಿಲ್ಲ.

ಅಪ್ಪ ಅವನಿಗೆ ಬಿಟ್ಟುಹೋದದ್ದು ಹಲಸಿನ ಮರದ ವ್ಯಾಸಪೀಠ ಮತ್ತು ಎರಡು ಕಟ್ಟುಪಾಡು. ಪೀಠದ ಮೇಲಿನ ಪುಸ್ತಕದಲ್ಲಿ ಇದ್ದದ್ದನ್ನು ಇದ್ದಹಾಗೆ ಓದಬೇಕು. ಓದುವವನ ನಾಲಿಗೆ ಅವನದಲ್ಲ. ಮತ್ತೆ, ಯುದ್ಧದ ಕಥೆ ಹಿಡಿದರೆ ಪಟ್ಟಾಭಿಷೇಕದವರೆಗೂ ಓದಿಯೇ ಮುಚ್ಚಬೇಕು. ಸಿಂಹಾಸನ ಖಾಲಿ ಬಿಟ್ಟು ಪುಸ್ತಕ ಮುಚ್ಚಿದರೆ ಒಳಗಿನ ಯುದ್ಧ ಹೊರಗೆ ಬಂದು ಓದಿದವನ ಮನೆ ಹುಡುಕುತ್ತದೆ ಎನ್ನುತ್ತಿದ್ದ ಮುದುಕ.

ಈಚೆಗೆ ಕೇಳುವವರೇ ಇರಲಿಲ್ಲ. ಊರೆಲ್ಲ ಟೀವಿ ಮುಂದೆ. ಭಜನೆ ಮನೆಯಲ್ಲಿ ಪೆದ್ದಪ್ಪ ಎಂಬ ಎಂಬತ್ತು ದಾಟಿದ ಹಿರಿಯ ಒಬ್ಬನೇ, ಅವನಿಗೂ ಅರ್ಧ ನಿದ್ದೆ. ಹೀಗಿರುವಾಗ ಸೊಸೆ ಅನಿತ ಪಂಚಾಯ್ತಿ ಲೈಬ್ರರಿಯಿಂದ ದಪ್ಪನೆಯ ಪುಸ್ತಕವೊಂದನ್ನು ತಂದಳು. ಹೆಸರು ‘ಮಾಟಗಿರಿ’. ಐದು ಸಂಪುಟದ ಕಥೆ, ನಾಲ್ಕು ಅಚ್ಚಾಗಿದ್ದವು. ಮೂರು ಅರಮನೆಗಳು ಒಂದಾಗಿ ಮಾಟಗಿರಿಯ ಮಾಂತ್ರಿಕರ ಮೇಲೆ ದಂಡೆತ್ತಿ ಹೋಗುತ್ತವೆ. ಮಾಂತ್ರಿಕರ ಹಿರಿಯ ನೀಲಮಾರ ನಡೆದ ಬೀದಿಯಲ್ಲಿ ಬಾವಿಯ ನೀರು ಕೆಳಗಿಳಿಯುತ್ತದೆ. ಅರಮನೆಯವರೂ ಅವನಿಗಿಂತ ಒಳ್ಳೆಯವರೇನಲ್ಲ. ನಾಲ್ಕು ಪುಟ ನೋಡೋಣ ಎಂದು ತೋಟದಲ್ಲಿ ಕೂತ ಕೋದಂಡರಾಮಪ್ಪ ಗಿಡಕ್ಕೆ ನೀರು ಬಿಟ್ಟದ್ದನ್ನೇ ಮರೆತ.

ಮುಂದಿನ ಶನಿವಾರ ಅದನ್ನೇ ಭಜನೆ ಮನೆಗೆ ಒಯ್ದ. ಜಗಲಿಯ ಮೇಲೆ ಕಾಲು ಚಾಚಿ ಕೂತು ಓದಿದ್ದರೆ ಏನೂ ಆಗುತ್ತಿರಲಿಲ್ಲ, ಕಥೆ ಕಥೆಯಾಗಿಯೇ ಇರುತ್ತಿತ್ತು. ಆದರೆ ಓದುವುದು ಎಂದರೆ ಅವನಿಗೆ ಗೊತ್ತಿದ್ದದ್ದು ಒಂದೇ ರೀತಿ. ಕೈಕಾಲು ತೊಳೆದ, ದೀಪ ಹಚ್ಚಿದ, ಪುಸ್ತಕವನ್ನು ಪೀಠದ ಮೇಲಿಟ್ಟು ಅರಿಶಿನ ಕುಂಕುಮ ಹಚ್ಚಿದ, ಓದು ಮುಗಿದ ಮೇಲೆ ಮಂಗಳಾರತಿ ಎತ್ತಿದ. ಎಡವಿದ್ದು ಇಲ್ಲೇ. ಲೈಬ್ರರಿಯ ಮೊಹರು ಬಿದ್ದ ಪುಟಕ್ಕೆ ಮಾವ ಕರ್ಪೂರ ಬೆಳಗುವುದನ್ನು ನೋಡಿ ಅನಿತ ಅವತ್ತು ನಕ್ಕಿದ್ದಳು.

ಎರಡು ತಿಂಗಳಲ್ಲಿ ಭಜನೆ ಮನೆ ತುಂಬಿತು. ಹಿಪ್ಪುನೇರಳೆ ಸೊಪ್ಪಿನ ಮಂಕರಿ ಬಾಗಿಲಲ್ಲೇ ಇಳಿಸಿ ಹೆಂಗಸರು ಬಂದು ಕೂತರು. ಪೆದ್ದಪ್ಪನ ನಿದ್ದೆ ಹಾರಿಹೋಯಿತು. ಕೋದಂಡರಾಮಪ್ಪನಿಗೆ ಒಳಗೊಳಗೇ ಹೆಮ್ಮೆ; ಅಪ್ಪನ ಕಾಲದಲ್ಲೂ ಇಷ್ಟು ಜನ ಸೇರಿರಲಿಲ್ಲ ಎಂದು ಹೆಂಡತಿಯ ಹತ್ತಿರ ಹೇಳಿಕೊಂಡ. ಹೀಗೆ ಒಂದು ವರ್ಷದ ಮೇಲಾಯಿತು. ನಾಲ್ಕನೇ ಸಂಪುಟ ಮುಗಿಯುವ ಹೊತ್ತಿಗೆ ಅನಿತಳಿಗೆ ಏಳು ತಿಂಗಳು.

ಆ ಸಂಪುಟದ ಕೊನೆಯಲ್ಲಿ ರಾಜ ಸೋಮಧ್ವಜ ಬರಿನೆಲದ ಮೇಲೆ ಪ್ರಾಣ ಬಿಡುತ್ತಾನೆ. ಕೋಟೆ ಬಾಗಿಲಿಗೆ ಬಂದ ನೀಲಮಾರ ಒಂದೇ ಮಾತು ಹೇಳುತ್ತಾನೆ: ‘ಈ ಸಾವಿನ ನಂತರ ಈ ನೆಲದಲ್ಲಿ ಮೊದಲು ಹುಟ್ಟುವ ಕೂಸು ನನ್ನದು. ಕೊಟ್ಟರೆ ಯುದ್ಧ ನಿಲ್ಲಿಸುತ್ತೇನೆ.’ ಅವನ ಕಡೆಯವರು ಬಸುರಿಯ ಮನೆ ಹುಡುಕಿ ಬಾಗಿಲಿಗೆ ನೀಲಿಯಲ್ಲಿ ಮೂರು ಗೆರೆ ಎಳೆಯುತ್ತಾರೆ. ಅಲ್ಲಿಗೆ ಸಂಪುಟ ಮುಗಿಯಿತು. ಸಿಂಹಾಸನ ಖಾಲಿ. ಕೋದಂಡರಾಮಪ್ಪ ಮಂಗಳಾರತಿ ತಟ್ಟೆ ಹಿಡಿದು ಹೋದರೆ ಯಾರೂ ಅವನ ಮುಖ ನೋಡಲಿಲ್ಲ. ಎಲ್ಲರೂ ಕಂಬಕ್ಕೆ ಒರಗಿ ಕೂತಿದ್ದ ಅನಿತಳ ಹೊಟ್ಟೆಯನ್ನು ನೋಡುತ್ತಿದ್ದರು.

ಮಾರನೆಯ ದಿನ ಪಕ್ಕದ ಮನೆಯ ಬೈರಮ್ಮ ಬಂದಳು. ಅವಳ ಮಗಳೂ ಹೆರಿಗೆಗೆಂದು ತವರಿಗೆ ಬಂದಿದ್ದಳು.

“ನಿಂಗೆ ಯಾವ ದಿನ ಅಂತ ಹೇಳವ್ರೆ ಡಾಕ್ಟ್ರು?” ಎಂದು ಅನಿತಳನ್ನು ಕೇಳಿದಳು. ಅನಿತ ಹೇಳಿದಳು. ಬೈರಮ್ಮ ಬೆರಳು ಮಡಚಿ ಎಣಿಸಿದಳು. “ಹಂಗಾದ್ರೆ ನಿಂದೇ ಮುಂಚೆ. ನಮ್ಮ ಹುಡುಗೀದು ಇನ್ನೂ ಒಂದು ತಿಂಗ್ಳು ತಡ.” ಅವಳ ಮುಖದಲ್ಲಿ ನೆಮ್ಮದಿ ಕಂಡಿತು. ಕೆಟ್ಟ ಹೆಂಗಸಲ್ಲ ಬೈರಮ್ಮ. ಹೆತ್ತ ಕರುಳು ಎಲ್ಲರಿಗೂ ಒಂದೇ, ಅಷ್ಟೇ.

ಅನಿತಳ ಸೀಮಂತಕ್ಕೆ ಊರಿಂದ ಬಂದವರು ನಾಲ್ಕೇ ಜನ. ಬಳೆ ತೊಡಿಸಲು ಯಾರೂ ಕೈ ಮುಂದೆ ಮಾಡಲಿಲ್ಲ. ಕೊನೆಗೆ ರಾಮಲಕ್ಷ್ಮಮ್ಮನೇ ತೊಡಿಸಿದಳು. ಅದಾದ ಮೂರನೆಯ ದಿನ ಬೆಳಗ್ಗೆ ಬಾಗಿಲು ತೆಗೆದರೆ ಹಲಗೆಯ ಮೇಲೆ ಮೂರು ನೀಲಿ ಗೆರೆ. ಬಟ್ಟೆಗೆ ಹಾಕುವ ನೀಲಿ, ಇನ್ನೂ ಹಸಿ. ಅನಿತ ತೆಂಗಿನ ನಾರು ಹಿಡಿದು ತಿಕ್ಕಿದಳು. ಬಣ್ಣ ಮಸುಕಾಯಿತು, ಪೂರಾ ಹೋಗಲಿಲ್ಲ.

ಕೋದಂಡರಾಮಪ್ಪ ಸಿಟ್ಟಿನಿಂದ ಪೆದ್ದಪ್ಪನ ಮನೆಗೆ ಹೋದ. “ಅದು ಕಥೆ ಪೆದ್ದಪ್ಪ, ಯಾರೋ ಕೂತ್ಕೊಂಡು ಬರ್ದಿದ್ದು. ಊರಿಗೆ ಒಂದು ಮಾತು ಹೇಳು.”

ಪೆದ್ದಪ್ಪ ಎಂದಿನಂತೆ ತೆಲುಗು ಬೆರೆಸಿ ಹೇಳಿದ. “ಎಲ್ಲಾ ಪುರಾಣಾನೂ ಯಾರೋ ಬರ್ದಿದ್ದೇ ಕದಾ ಅಬ್ಬಾಯ. ದೀಪ ಹಚ್ಚಿದ್ದು ನೀನು. ಸಿಂಹಾಸನ ಖಾಲಿ ಬಿಟ್ಟು ಮುಚ್ಚಿದ್ದೂ ನೀನೇ. ನಿಮ್ಮಪ್ಪ ಏನು ಹೇಳ್ತಿದ್ದ, ಮರೆತ್ಯಾ?”

ಮರೆತಿರಲಿಲ್ಲ. ಅವನಿಗೆ ಅಂಜಿಕೆಯಾಗಿದ್ದೇ ಅದರಿಂದ. ಊರಿನವರು ಮೂಢರು ಎಂದು ಬೈದುಕೊಳ್ಳಲು ಹೋದರೆ ಬೈಗುಳ ತನ್ನ ಮೇಲೇ ತಿರುಗುತ್ತಿತ್ತು. ಪೀಠದ ಮೇಲೆ ಓದಿದ್ದು ಸುಳ್ಳಾಗುವುದಿಲ್ಲ ಎಂದು ಊರಿಗೆ ಮೂವತ್ತೈದು ವರ್ಷ ಕಲಿಸಿದವನೇ ಅವನು.

ಪುಸ್ತಕದ ಹಿಂಬದಿಯಲ್ಲಿ ಲೇಖಕಿಯ ಫೋಟೊ ಇತ್ತು. ಸೌಪರ್ಣಿಕಾ, ವಾಸ ಮುಳಬಾಗಿಲು. ಬಸ್ಸು ಹತ್ತಿ ಹೋಗಿ ವಿಚಾರಿಸಿದ. ತನ್ನ ಅಪ್ಪ ನಡೆಸುವ ಆಡಿಟರ್ ಆಫೀಸಿನಲ್ಲಿ ಫೈಲುಗಳ ನಡುವೆ ಕೂತಿದ್ದ ನಲವತ್ತರ ಹೆಂಗಸು ಅವನಿಗೆ ಕಾಫಿ ತರಿಸಿದಳು. ಐದನೇ ಸಂಪುಟ ಬರೆದು ಮುಗಿದಿದೆ, ಅಚ್ಚಾಗುವುದು ತಡ ಎಂದಳು.

“ಆ ಕೂಸು ಏನಾಗ್ತದೆ ತಾಯಿ?”

“ಕೊಟ್ಟುಬಿಡ್ತಾರೆ ತಾತ. ಯುದ್ಧ ನಿಲ್ಲೋದೇ ಹಾಗೆ.”

“ಬೇರೆ ತರ ಬರೀಬೋದಲ್ಲಮ್ಮ?”

“ಆ ಒಂದು ಪುಟಕ್ಕೋಸ್ಕರ ಉಳಿದ ನಾಲ್ಕು ಸಂಪುಟಾನೂ ಬರ್ದಿದ್ದೀನಿ ನಾನು. ಬರೀ ಕಥೆ ತಾತ, ನೀವ್ಯಾಕೆ ಇಷ್ಟು ಹಚ್ಕೋತೀರಿ?”

“ನಿಮ್ಮ ಟೇಬಲ್ ಮೇಲೆ ಇದ್ದಾಗ ಕಥೇನೇ. ನಾನು ಪೀಠದ ಮೇಲೆ ಇಟ್ಬಿಟ್ಟೆ,” ಎಂದು ಎಲ್ಲವನ್ನೂ ಹೇಳಿದ. ಮೊದಲು ನಕ್ಕ ಸೌಪರ್ಣಿಕಾ ನೀಲಿ ಗೆರೆಯ ಮಾತು ಬಂದಾಗ ನಗು ನಿಲ್ಲಿಸಿದಳು. ಕಂಪ್ಯೂಟರಿನಿಂದ ಐದನೇ ಸಂಪುಟವನ್ನು ಪ್ರಿಂಟ್ ತೆಗೆದು, ದಾರ ಕಟ್ಟಿ ಅವನ ಕೈಗಿಟ್ಟಳು. ಬಸ್‌ಸ್ಟಾಂಡಿನವರೆಗೂ ಜೊತೆಗೆ ಬಂದಳು. ಕಥೆ ಬದಲಾಯಿಸುತ್ತೇನೆ ಎಂದು ಮಾತ್ರ ಹೇಳಲಿಲ್ಲ.

ಆ ಕಟ್ಟನ್ನು ಮನೆಯಲ್ಲಿ ಮೊದಲು ಓದಿದವಳು ಅನಿತ. ಮುಗಿಸಿ, ಹಾಳೆಗಳನ್ನು ಜೋಡಿಸಿ ಮಾವನ ಮುಂದಿಟ್ಟಳು.

“ಇದನ್ನ ಓದ್ತೀರಾ ಮಾವ?”

“ಓದದೇ ಇದ್ರೆ ಸಿಂಹಾಸನ ಖಾಲಿ ಉಳೀತದಮ್ಮ.”

“ಓದಿದ್ರೆ?” ಎಂದಳು.

ಹೆರಿಗೆಗೆ ಮುಂಚೆ ಮುಗಿಯಬೇಕು ಎಂದು ದಿನಾ ಸಂಜೆ ಓದಿದ. ಕೊನೆಯ ದಿನ ಭಜನೆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ, ನಂಗಲಿಯಿಂದಲೂ ನೆಂಟರು ಬಂದಿದ್ದರು. ಬರಬೇಡ ಎಂದರೂ ಅನಿತ ಬಂದು ಕಂಬದ ಪಕ್ಕ ಕೂತಳು. ಅವಳ ಸುತ್ತ ಒಂದು ಮಾರು ನೆಲ ಖಾಲಿ ಇತ್ತು.

ಆ ಪುಟ ಬಂತು. ರಾಣಿ ಕೂಸನ್ನು ಎತ್ತಿಕೊಂಡು ಕೋಟೆ ಬಾಗಿಲಿಗೆ ನಡೆಯುತ್ತಾಳೆ, ನೀಲಮಾರ ಕೈ ಚಾಚುತ್ತಾನೆ. ಅಲ್ಲಿಯವರೆಗೆ ಓದಿ ಕೋದಂಡರಾಮಪ್ಪ ನಿಲ್ಲಿಸಿದ. ಕನ್ನಡಕ ಒರೆಸಿದ. ಹಾಳೆಯ ಮೇಲೆ ಕಣ್ಣಿಟ್ಟೇ, ಹಾಳೆಯಲ್ಲಿ ಇಲ್ಲದ್ದನ್ನು ಓದತೊಡಗಿದ. ಮೂವತ್ತೈದು ವರ್ಷದಲ್ಲಿ ಅದೇ ಮೊದಲು.

‘ಆಗ ಅರಮನೆಯಲ್ಲಿ ಪುರಾಣ ಓದುತ್ತಿದ್ದ ಮುದುಕನೊಬ್ಬ ಎದ್ದು ಬಂದು, ಕೂಸನ್ನು ಬಿಡು, ಅದರ ಬದಲು ನನ್ನನ್ನು ತಗೋ ಎಂದ. ನೀಲಮಾರ ಒಪ್ಪಿದ. ಯಾವಾಗ ಬರಲಿ ಎಂದು ಕೇಳಿದ.’

ಇಲ್ಲಿ ಅವನು ತಡವರಿಸಿದ. ಗಡುವಿಲ್ಲದ ಮಾತನ್ನು ಯಾವ ಮಾಂತ್ರಿಕನೂ ಒಪ್ಪುವುದಿಲ್ಲ, ಕೇಳುವ ಊರೂ ಒಪ್ಪುವುದಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದ. ‘ಈ ಕೂಸು ಮೊದಲ ಸಲ ಬಾಯಿಬಿಟ್ಟು ಕರೆದ ದಿನ ಬಾ. ಅದು ಯಾರನ್ನು ಕರೆದರೂ ಬರುವವನು ನಾನೇ.’

ಆಮೇಲೆ ಕಥೆಯೊಳಗೇ ಕೂಸಿಗೆ ಪಟ್ಟ ಕಟ್ಟಿದ, ಮಳೆ ಬೆಳೆ ಕೊಟ್ಟ, ಮಂಗಳಾರತಿ ಎತ್ತಿದ. ಹೆಂಗಸರು ಕಣ್ಣೊರೆಸಿಕೊಂಡರು. ಬೈರಮ್ಮ ಹೋಗಿ ಅನಿತಳ ಪಕ್ಕದಲ್ಲಿ ಕೂತಳು. ಅನಿತ ಮಾತ್ರ ಮಾವನನ್ನೇ ನೋಡುತ್ತಿದ್ದಳು.

ಒಂಬತ್ತನೆಯ ದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಹೆಣ್ಣು ಹುಟ್ಟಿತು. ಚಂದನ ಎಂದು ಹೆಸರಿಟ್ಟರು. ನಾಮಕರಣಕ್ಕೆ ಊರಿಗೆ ಊರೇ ಬಂದು ಉಂಡಿತು.

ಅವತ್ತೇ ಕೋದಂಡರಾಮಪ್ಪನಿಗೆ ಗೊತ್ತಾದದ್ದು. ಪಂಕ್ತಿಯಲ್ಲಿ ಅವನ ಅಕ್ಕಪಕ್ಕ ಒಂದೊಂದು ಎಲೆ ಖಾಲಿ. ಮುಂಚೆ ಅನಿತಳ ಹೊಟ್ಟೆಯ ಮೇಲಿದ್ದ ಕಣ್ಣು ಈಗ ಅವನ ಮೇಲಿತ್ತು. ಕೆಟ್ಟ ಕಣ್ಣೇನಲ್ಲ, ಪ್ರೀತಿಯದೇ. ಬೈರಮ್ಮ ವಾರಕ್ಕೊಂದು ಸಲ ಒಬ್ಬಟ್ಟು ಮಾಡಿ ತಂದಳು. ಹಳೆಯ ಜಗಳವಿದ್ದವರು ಬಂದು ಕೈ ಹಿಡಿದುಕೊಂಡು ಹೋದರು. ಪೆದ್ದಪ್ಪ ಬಂದು, “ನೀನಿರೋವಾಗ್ಲೇ ಪೀಠ ಯಾರಿಗೆ ಅಂತ ಒಂದು ಮಾತು ಹೇಳಿಬಿಡು,” ಎಂದ. ಎಂಬತ್ತು ದಾಟಿದವನು ಅರವತ್ತೆಂಟರವನನ್ನು ಕೇಳಿದ ಮಾತು ಇದು.

ಅಷ್ಟಕ್ಕೇ ಮುಗಿದಿದ್ದರೆ ಅವನು ಸಹಿಸುತ್ತಿದ್ದ. ಆದರೆ ಚಂದನ ತುಟಿ ಅಲುಗಿಸಿದರೆ ಸಾಕು, ರಾಮಲಕ್ಷ್ಮಮ್ಮ ಅಂಗೈ ಒತ್ತಿ ಬಾಯಿ ಮುಚ್ಚುತ್ತಿದ್ದಳು. ಎತ್ತಿಕೊಂಡವರು ಆಡಿಸುತ್ತಿದ್ದರೇ ಹೊರತು ಮಾತಾಡಿಸುತ್ತಿರಲಿಲ್ಲ. ರಾಮಪ್ಪ ಇನ್ನಷ್ಟು ದಿನ ಇರಲಿ ಎಂದು ಊರೇ ಕೂಸಿನ ಮುಂದೆ ಬಾಯಿ ಹೊಲಿದುಕೊಂಡಿತು. ಒಂದು ತಿಂಗಳು ಚಿಕ್ಕವನಾದ ಬೈರಮ್ಮನ ಮೊಮ್ಮಗ ಅಮ್ಮ, ಅಜ್ಜಿ, ಕಾಕಿ ಎನ್ನುವಾಗಲೂ ಚಂದನ ಬರೀ ಕಣ್ಣು ಬಿಟ್ಟು ನೋಡುತ್ತಿದ್ದಳು. ಒಂದೂಕಾಲು ವರ್ಷವಾದ ಮೇಲೆ ಅನಿತ ಕೋಲಾರಕ್ಕೆ ಕರೆದೊಯ್ದಳು. ಕಿವಿ ಸರಿಯಾಗಿದೆ, ಮನೆಯಲ್ಲಿ ಮಾತಾಡಿಸುವುದಿಲ್ಲವೇ ಎಂದು ಡಾಕ್ಟರು ಕೇಳಿದರಂತೆ.

ಬಂದವಳು ಮಾವನ ಮುಂದೆ ಕೂತು ಅತ್ತಳು. “ಅದು ಪುಸ್ತಕದಲ್ಲಿ ಇರ್ಲಿಲ್ಲ, ನೀವೇ ಕಟ್ಟಿ ಹೇಳಿದ್ದು ಅಂತ ಊರಿಗೆ ಹೇಳಿಬಿಡ್ತೀನಿ ಮಾವ.”

“ಹೇಳಿದ್ರೆ ಪುಸ್ತಕದಲ್ಲಿ ಇರೋದೇ ನಿಜ ಆಗ್ತದಮ್ಮ. ಆಮೇಲೆ ಇವಳ ಕಡೆ ನೋಡ್ತಾರೆ.”

ಅವಳಿಗೂ ಅದು ಗೊತ್ತಿತ್ತು. ಐದನೇ ಸಂಪುಟ ಲೈಬ್ರರಿಗೆ ಬಂದ ದಿನವೇ ಅದನ್ನು ತನ್ನ ಹೆಸರಿಗೆ ಬರೆಸಿಕೊಂಡು ತಂದು ರಾಗಿ ಡ್ರಮ್ಮಿನಲ್ಲಿ ಇಟ್ಟಿದ್ದಳು, ವಾಪಸು ಕೊಟ್ಟಿರಲಿಲ್ಲ.

ಮಾರನೆಯ ದಿನದಿಂದ ಕೋದಂಡರಾಮಪ್ಪ ಮೊಮ್ಮಗಳನ್ನು ಎತ್ತಿಕೊಂಡು ಮಾವಿನ ತೋಪಿಗೆ ಹೋಗತೊಡಗಿದ. ರಾಮಲಕ್ಷ್ಮಮ್ಮ ಬಾಗಿಲಿಗೆ ಅಡ್ಡ ನಿಂತಳು, ಬೈದಳು, ಊಟ ಬಿಟ್ಟಳು. ಅವನು ಕೇಳಲಿಲ್ಲ. ಮರದ ಕೆಳಗೆ ಕೂಸನ್ನು ಎದುರಿಗೆ ಕೂರಿಸಿಕೊಂಡು ಕಾಗೆ ತೋರಿಸಿದ, ಇರುವೆ ತೋರಿಸಿದ, ಎಲ್ಲದರ ಹೆಸರು ಹೇಳಿದ. ಸಾಯಲು ಅವನಿಗೆ ಖಂಡಿತ ಇಷ್ಟವಿರಲಿಲ್ಲ.

ಎರಡು ತಿಂಗಳಾಯಿತು. ಒಂದು ಶನಿವಾರ ಸಂಜೆ, ಭಜನೆ ಮನೆಯಲ್ಲಿ ದೀಪ ಹಚ್ಚಿ, ಹಳೆಯ ಪುರಾಣವನ್ನೇ ಪೀಠದ ಮೇಲಿಟ್ಟು ಅವನು ಪುಟ ತೆರೆದ. ಜನ ಕೂತಿದ್ದರು. ಅನಿತಳ ಮಡಿಲಿನಿಂದ ಇಳಿದ ಚಂದನ ಕಂಬ ಹಿಡಿದು ನಿಂತು, ದೀಪದ ಆಚೆ ಕೂತವನನ್ನು ನೋಡಿ ಬಾಯಿ ತೆರೆದಳು. ರಾಮಲಕ್ಷ್ಮಮ್ಮನ ಕೈ ತಲುಪಲಿಲ್ಲ.

“ತಾತ.”

ಪೆದ್ದಪ್ಪ ಮೆಲ್ಲಗೆ ತಿರುಗಿ ಬಾಗಿಲ ಕಡೆ ನೋಡಿದ. ಅವನು ನೋಡಿದ್ದಕ್ಕೆ ಎಲ್ಲರೂ ನೋಡಿದರು. ಚಂದನ ಇನ್ನೊಂದು ಸಲ, ಇನ್ನೂ ಜೋರಾಗಿ ಕರೆದಳು.

ಕೋದಂಡರಾಮಪ್ಪ ಪುಸ್ತಕ ಮುಚ್ಚಿದ. ಅಂಜಿಕೆ ಹೋಗಿರಲಿಲ್ಲ, ಆದರೂ ಜೀವಮಾನದಲ್ಲಿ ಇಷ್ಟು ಸಂತೋಷ ಅವನಿಗೆ ಎಂದೂ ಆಗಿರಲಿಲ್ಲ.

“ಓ,” ಎಂದ. “ಬಂದೆ ತಾಯಿ, ಬಂದೆ,” ಎನ್ನುತ್ತ ಪೀಠ ಬಿಟ್ಟು ಎದ್ದ.