ಅಜ್ಜ ಕೂರಿಸಿದ ಟೈಲ್ಸ್

ಕನ್ನಡಕದ ನಂಬರ್ ಬದಲಿಸೋಣ ಅಂತ ಅಜ್ಜನನ್ನು ಬಾಂದ್ರಾದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರ್ ಬೇರೆಯದೇ ಹೇಳಿದರು. ಕಣ್ಣಿನ ಹಿಂದೆ ಒಂದು ಪರದೆ ಇರುತ್ತದೆ, ಅದರ ನಡುಭಾಗ ಮ್ಯಾಕ್ಯುಲಾ. ಅಜ್ಜನಿಗೆ ಎರಡೂ ಕಣ್ಣಲ್ಲಿ ಅದು ವಯಸ್ಸಿನಿಂದ ಸವೆಯುತ್ತಿತ್ತು. ಸದ್ಯ ಒಣ ಬಗೆ. ವಾಪಸ್ ಸರಿಹೋಗುವುದಿಲ್ಲ, ನಿಧಾನ ಮಾಡಬಹುದು: ಬೀಡಿ ಬಿಡಬೇಕು, ಬರೆದುಕೊಟ್ಟ ಮಾತ್ರೆ ನುಂಗಬೇಕು, ಸೊಪ್ಪು ತಿನ್ನಬೇಕು. ಜೊತೆಗೆ ಚೌಕುಳಿ ಗೆರೆಗಳ ಒಂದು ಕಾರ್ಡ್ ಕೊಟ್ಟರು. ದಿನಾ ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಅದನ್ನು ನೋಡಬೇಕು. ನೆಟ್ಟಗಿನ ಗೆರೆ ಸೊಟ್ಟಗೆ ಕಂಡರೆ ತಡಮಾಡದೆ ಓಡಿ ಬರಬೇಕು. ಒಣದ್ದು ಒದ್ದೆಯಾದರೆ ಪರದೆಯ ಹಿಂದೆ ರಕ್ತ ಸೋರುತ್ತದೆ, ಬೇಗ ಬಂದರೆ ಇಂಜೆಕ್ಷನ್ನಿಂದ ತಡೆಯಬಹುದು.

ಅವತ್ತಿನಿಂದ ನನಗೆ ಹುಚ್ಚು ಹಿಡಿಯಿತು. ಲೋಕಲ್ ಟ್ರೈನಿನಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ಕಣ್ಣಿನ ವೀಡಿಯೊ ನೋಡಿದೆ, ಸಿಕ್ಕಿದ್ದೆಲ್ಲ ಓದಿದೆ, ಮನೆಗೆ ಬಂದು ಅಜ್ಜನಿಗೆ ಪಾಠ ಮಾಡಿದೆ.

"ಅಂದ್ರ ಲೀಕೇಜ್," ಅಂದ ಅಜ್ಜ. "ಗ್ವಾಡಿ ಹಿಂದ ನೀರ್ ಇಳದಂಗ. ಮ್ಯಾಲ ಪೇಂಟ್ ಉಬ್ಬತೈತಿ. ಇಷ್ಟ ಹೇಳಾಕ ಅರ್ಧಾ ತಾಸ ಬೇಕೇನ ಡಾಕ್ಟರವ್ವ?"

ಅಜ್ಜ ಗವಂಡಿ. ವಿಜಯಪುರದ ಕಡೆಯಿಂದ ಬಂದು ಈ ಊರಿನಲ್ಲಿ ನಲವತ್ತು ವರ್ಷ ಗೋಡೆ ಕಟ್ಟಿದವನು. ಅವನ ಲೆಕ್ಕದಲ್ಲಿ ಮುಂಬಯಿಯಲ್ಲಿ ಅವನು ಕಟ್ಟಿದ್ದು ಬಿಟ್ಟು ಎಲ್ಲವೂ ಸೊಟ್ಟ. ಅಪ್ಪ ಇಪ್ಪತ್ತರ ವಯಸ್ಸಿನಲ್ಲಿ ದಹಿಸರ್‌ನ ಒಂದು ಸೈಟಿನಲ್ಲಿ ಅಜ್ಜನ ಕೈಕೆಳಗೆ ಗೋಡೆ ಎಬ್ಬಿಸಿದ್ದನಂತೆ. ಬೆರಳಿನಷ್ಟು ವಾಲಿತ್ತು. ಅಜ್ಜ ಆಳುಗಳನ್ನೆಲ್ಲ ಕರೆದು ನಿಲ್ಲಿಸಿ, "ಒಡೀರಿ" ಅಂದು, ಮೊದಲ ಒದೆ ತಾನೇ ಒದ್ದ. ಅಪ್ಪ ಮಾರನೇ ದಿನದಿಂದ ಗಾರೆಯ ಕರಣಿ ಮುಟ್ಟಲಿಲ್ಲ, ಟ್ಯಾಕ್ಸಿ ಓಡಿಸತೊಡಗಿದ. ಈಗಲೂ ಊಟಕ್ಕೆ ಕೂತಾಗ ಇಬ್ಬರೂ ಮುಖ ನೋಡುವುದಿಲ್ಲ.

ಅಜ್ಜ ಆ ಕಾರ್ಡನ್ನು ವಾರದಲ್ಲೇ ಕಳೆದುಬಿಟ್ಟ. "ಮಕ್ಕಳ ಆಟದ ಚೀಟಿ" ಅಂದ. ಆಗ ನನಗೊಂದು ಐಡಿಯಾ ಬಂತು, ನನ್ನ ಜಾಣತನಕ್ಕೆ ನಾನೇ ಮರುಳಾದೆ. ಆಂಟಾಪ್ ಹಿಲ್‌ನ ನಮ್ಮ ಮನೆಯ ಅಡುಗೆಗೋಡೆಗೆ ಬಿಳಿ ಟೈಲ್ಸ್ ಇವೆ, ನಡುವೆ ಕಪ್ಪು ಗೆರೆ. ಅಜ್ಜನೇ ಕೂರಿಸಿದ್ದು. ಇದಕ್ಕಿಂತ ದೊಡ್ಡ ಕಾರ್ಡ್ ಎಲ್ಲಿ ಸಿಗುತ್ತದೆ? ದಿನಾ ಬೆಳಿಗ್ಗೆ ಚಹಾ ಆದ ಮೇಲೆ, ಅಪ್ಪ ಇನ್ನೂ ಮನೆಯಲ್ಲಿರುವಾಗಲೇ, ಅಜ್ಜನನ್ನು ಅದರ ಮುಂದೆ ನಿಲ್ಲಿಸಿ, ಒಂದೊಂದೇ ಕಣ್ಣು ಮುಚ್ಚಿಸಿ ಕೇಳುತ್ತಿದ್ದೆ.

"ಹೆಂಗದಾವ ಅಜ್ಜ?"

"ನೆಟ್ಟಗದಾವ. ಯಾರ್ ಕುಂದ್ರಿಸಿದ್ದು?"

ಐದು ತಿಂಗಳು ಇದೇ ಉತ್ತರ. ನಾನು ದಿನಾ ಮೊಬೈಲಿನಲ್ಲಿ "ಸರಿ ಇದೆ" ಅಂತ ಬರೆದಿಟ್ಟುಕೊಂಡೆ. ಅದೇ ಹೊತ್ತಿಗೆ ಅಜ್ಜ ಎದುರಿನ ಹೊಸ ಬಿಲ್ಡಿಂಗಿಗೆ ಬೈಯಲು ಶುರು ಮಾಡಿದ್ದ: "ಹಾವ್ ಹರದಂಗ ಎಬ್ಬಿಸ್ಯಾರ." ನಾವು ನಕ್ಕೆವು. ಜೀವನಪೂರ್ತಿ ಹಾಗೇ ಬೈದವನಲ್ಲವೇ.

ಒಂದು ದಿನ ಬಾಗಿಲಲ್ಲಿ ನಿಂತ ನನ್ನನ್ನು "ಯಾರದು?" ಅಂದ. ನಾನು ಅವನ ಎಡಗಣ್ಣಿಗೆ ಕೈ ಅಡ್ಡ ಹಿಡಿದೆ.

"ಈಗ ಏನ್ ಕಾಣ್ತೈತಿ?"

"ನಿನ್ನ ಕಿವಿ ಕಾಣ್ತಾವ. ನಡುವ ಮಸಿ ಬಳದಂಗ ಐತಿ."

ಬಲಗಣ್ಣು ಒದ್ದೆಯಾಗಿ, ಸೋರಿ, ಒಳಗೆ ಕಲೆ ಕಟ್ಟಿತ್ತು. ಶುರುವಿನಲ್ಲೇ ಬಂದಿದ್ದರೆ ಇಂಜೆಕ್ಷನ್ ಹಾಕಿ ಬಹುಶಃ ಉಳಿಸಬಹುದಿತ್ತು, ಈಗ ನಡುವಿನ ನೋಟ ಬರುವುದಿಲ್ಲ ಅಂದರು ಡಾಕ್ಟರ್. ಎಡಗಣ್ಣನ್ನಾದರೂ ಕಾಯ್ದುಕೊಳ್ಳಿ ಅಂದರು. ವಾಪಸ್ ಬರುವಾಗ ಟ್ಯಾಕ್ಸಿಯಲ್ಲಿ ಕೇಳಿದೆ.

"ಟೈಲ್ಸ್ ಯಾವಾಗಿಂದ ಸೊಟ್ಟ ಕಾಣ್ತಿದ್ವು?"

"ಎರಡ ತಿಂಗಳಾತು."

"ಹೇಳಾಕ ಏನಾಗಿತ್ತು!"

"ನಾನ ಕುಂದ್ರಿಸಿದ್ದು ಸೊಟ್ಟ ಅದಾವ ಅಂತ ಇವನ ಮುಂದ ಹೇಳ್ಲೇನು?"

ಇವನು ಅಂದರೆ ಸ್ಟೇರಿಂಗ್ ಹಿಡಿದಿದ್ದ ನಮ್ಮಪ್ಪ. ಅಪ್ಪ ಸಿಗ್ನಲ್ಲಿನಲ್ಲಿ ಕನ್ನಡಿಯಲ್ಲೇ ನೋಡಿದ. "ನನ್ನ ಗ್ವಾಡಿ ಒಡದಿ. ಈಗ ಯಾರ್ನ ಕರದು ಒಡಿಸ್ತಿ ನಿನ್ನ ಕಣ್ಣ?" ಅಂದ. ನಗುತ್ತಲೇ ಅಂದ. ನಾನೂ ಅಜ್ಜನ ಪರ ಮಾತಾಡಲಿಲ್ಲ. ಅಷ್ಟೆಲ್ಲ ಓದಿದವಳಿಗೆ, ಒಬ್ಬ ಗವಂಡಿಗೆ ಅವನದೇ ಕೆಲಸ ತೋರಿಸಿ ಸೊಟ್ಟ ಇದೆಯಾ ಅಂತ ಕೇಳಬಾರದು ಅನ್ನುವುದು ಹೊಳೆದಿರಲಿಲ್ಲ.

ಆಸ್ಪತ್ರೆಯಿಂದ ಇನ್ನೊಂದು ಕಾರ್ಡ್ ತಂದೆ. ಅಪ್ಪ ಅದನ್ನು ಮುಟ್ಟಗೊಡಲಿಲ್ಲ. "ಟೈಲ್ಸ ನೋಡ್ಲಿ. ಬಾಯಿಬಿಟ್ಟ ಹೇಳ್ಲಿ," ಅಂದ. ಗೋಡೆ ಪೂರ್ತಿ ಕಾಣಲಿ ಅಂತ ಮೂಲೆಯ ಕ್ಯಾಲೆಂಡರನ್ನು ನಾನೇ ತೆಗೆದೆ. ವರ್ಷ ವರ್ಷ ಕ್ಯಾಲೆಂಡರ್ ಬದಲಾದರೂ ಅಜ್ಜ ಆ ಮೊಳೆಯ ಜಾಗ ಬದಲಿಸಲು ಬಿಟ್ಟಿರಲಿಲ್ಲ.

ಮಾರನೇ ಬೆಳಿಗ್ಗೆ ಅಜ್ಜ ಬಲಗಣ್ಣು ಮುಚ್ಚಿ ನಿಂತ. ಅಪ್ಪನ ಕಡೆ ಒಮ್ಮೆ ತಿರುಗಿದ. ಆಮೇಲೆ, "ಮೂಲಿ ಸಾಲ ಸೊಟ್ಟ ಐತಿ," ಅಂದ.

ಚಪ್ಪಲಿ ಹಾಕಿಕೊಳ್ಳಲೂ ಬಿಡದೆ ಎಳೆದುಕೊಂಡು ಹೋದೆ. ಸ್ಕ್ಯಾನ್ ಆಯಿತು. ಎಡಗಣ್ಣು ಇನ್ನೂ ಒಣ ಬಗೆಯಲ್ಲೇ ಇತ್ತು, ಸೋರಿಕೆ ಇಲ್ಲ. ಖುಷಿಗೆ ನಾನು ಕಾರಿಡಾರಿನಲ್ಲೇ ಅತ್ತೆ. ಅಜ್ಜ ಮಾತ್ರ ತಲೆ ಎತ್ತಲಿಲ್ಲ.

ಮನೆಗೆ ಬಂದ ಮೇಲೆ ಅಪ್ಪ ಅಟ್ಟದಿಂದ ಗೋಡೆಯ ನೇರ ನೋಡುವ ಅಜ್ಜನ ಹಳೇ ಹಿತ್ತಾಳೆ ತೂಗುಗುಂಡು ತೆಗೆದು, ದಾರ ಕಟ್ಟಿ, ಮೂಲೆಯ ಸಾಲಿನ ಪಕ್ಕ ಇಳಿಬಿಟ್ಟ. ಸಾಲಿನ ತಳಕ್ಕೆ ಬರುವಷ್ಟರಲ್ಲಿ ಟೈಲ್ಸಿನ ಗೆರೆ ದಾರದಿಂದ ಬೆರಳಿನಷ್ಟು ದೂರ ಸರಿದಿತ್ತು.

"ಕಣ್ಣ ಚಲೋ ಐತಿ," ಅಂದ ಅಪ್ಪ. "ಕೆಲಸಾನ ಸೊಟ್ಟ."

"ಗೊತ್ತೈತಿ," ಅಂದ ಅಜ್ಜ. "ಹಚ್ಚಿದ ದಿನಾನ ಗೊತ್ತಿತ್ತು. ಕ್ಯಾಲೆಂಡರ್ ಯಾಕ ಹಾಕಿದ್ದೆ ಮತ್ತ? ಇವತ್ತ ಕಂಡದ್ದು ಹಳೇ ಸೊಟ್ಟೋ ಹೊಸಾದೋ ತಿಳೀಲಿಲ್ಲ, ಅದಕ್ಕ ಹೇಳ್ದೆ." ಗೋಡೆಯಿಂದ ಪಕ್ಕಕ್ಕೆ ಸರಿದು, "ಒಡಿ ಹಂಗಾರ," ಅಂದ.

ಅಪ್ಪ ದಾರವನ್ನು ನಿಧಾನಕ್ಕೆ ಗುಂಡಿಗೆ ಸುತ್ತಿದ.

"ಬ್ಯಾಡ. ಇರ್ಲಿ. ದಿನಾ ನೋಡು."

ಆ ಸಾಲು ಇನ್ನೂ ಇದೆ. ದಿನಾ ಚಹಾ ಆದ ಮೇಲೆ ಅಜ್ಜ ಬಲಗಣ್ಣು ಮುಚ್ಚಿಕೊಂಡು ಅದರ ಮುಂದೆ ನಿಲ್ಲುತ್ತಾನೆ. ಅಪ್ಪ ಬಾಗಿಲಲ್ಲಿ ಟ್ಯಾಕ್ಸಿಯ ಚಾವಿ ಹಿಡಿದು, ಉತ್ತರ ಕೇಳದೆ ಹೊರಡುವುದಿಲ್ಲ.

"ನಿನ್ನಿ ಎಷ್ಟ ಸೊಟ್ಟ ಇತ್ತೋ ಅಷ್ಟ ಐತಿ," ಅನ್ನುತ್ತಾನೆ ಅಜ್ಜ.

"ಜೋರಾಗಿ," ಅನ್ನುತ್ತಾನೆ ಅಪ್ಪ.