ಹಲ್ಲಕ್ಕನ ಹಳದಿ ಕಾರು

"ನನ್ನ ಕಾರಲ್ಲಿ ಜಪಾನಿಂದ ಬರದೇ ಇರೋ ಒಂದೇ ಒಂದು ಮೊಳೆ ತೋರಿಸಮ್ಮ, ಈ ಮೀಸೆ ಬೋಳಿಸ್ಕೊಂಡು ಓಡಾಡ್ತೀನಿ."

ಹೀಗೆಂದಾಗ ಮೀಸೆ ಯಜಮಾನರ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಮಾತು ಮಾತ್ರ ಬಂಡೆ ಕಡಿಯುವಷ್ಟು ಗಟ್ಟಿಯಾಗಿತ್ತು. ಎದುರಿಗೆ ಕೂತು, ಯಾವ ಬಣ್ಣದ ಹಲ್ಲು ಅವರ ಮುಖಕ್ಕೆ ಒಪ್ಪುತ್ತದೆಂದು ನೋಡುತ್ತಿದ್ದವಳು ಹಲ್ಲಕ್ಕ. ಹಲ್ಲಿನ ಡಾಕ್ಟರರು ಬಾಯಿಯ ಅಚ್ಚು ತೆಗೆದುಕೊಟ್ಟರೆ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಕಟ್ಟುಹಲ್ಲಿನ ಸೆಟ್ಟು ಮಾಡುವುದು ಅವಳ ಕಸುಬು. ಊರಿನ ಅರ್ಧ ನಗು ತಯಾರಾದದ್ದು ಅವಳ ಕೈಯಲ್ಲೇ. ಅವಳು ರಜೆ ಹಾಕಿದರೆ ಊರಿಗೆ ಊರೇ ಹಾಲು ಕುಡಿದು ಮಲಗಬೇಕಿತ್ತು.

ಎರಡು ಬಸ್ಸು ಬದಲಿಸಿ, ಯಾರದೋ ಕಂಕುಳಲ್ಲಿ ಮೂಗು ತೂರಿಸಿಕೊಂಡು ಕೆಲಸಕ್ಕೆ ಬರುವುದು ಅವಳಿಗೆ ಸಾಕುಸಾಕಾಗಿತ್ತು. ಗಂಡ ಹೊಸ ಕಾರು ತೋರಿಸಲು ಕರೆದೊಯ್ದ. ಬೆಲ್ಟು ಹಾಕಿಲ್ಲವೆಂದು ಆ ಕಾರು ಕುಂಯ್ಗುಟ್ಟಿತು, ಬಾಗಿಲು ಸರಿಯಾಗಿ ಬಿದ್ದಿಲ್ಲವೆಂದು ಕುಂಯ್ಗುಟ್ಟಿತು, ಹಿಂದಕ್ಕೆ ತೆಗೆದರೆ ಪ್ರಳಯ ಬಂದಂತೆ ಬೊಬ್ಬೆ ಹೊಡೆಯಿತು. "ನನ್ನ ತಪ್ಪು ಎತ್ತಿ ಆಡೋಕೆ ಮನೇಲಿ ನೀವಿದ್ದೀರಲ್ಲ, ಇನ್ನೊಬ್ಬರು ಯಾಕೆ?" ಎಂದು ಇಳಿದು ಬಂದಳು.

ಯಜಮಾನರ ಷೆಡ್ಡಿನಲ್ಲಿದ್ದ ಕಾರು ಹಾಗಲ್ಲ. ಅದು ನಲವತ್ತು ವರ್ಷಕ್ಕೂ ಹಳೆಯದು, ಮೊಟ್ಟೆಯೊಳಗಿನ ಹಳದಿ ಬಣ್ಣದ್ದು. ಕನ್ನಡಿಗಳು ಬಾಗಿಲ ಮೇಲಲ್ಲ, ಮುಂದಿನ ಚಕ್ರಗಳ ನೆತ್ತಿಯ ಮೇಲೆ ಬಸವನಹುಳದ ಕೊಂಬಿನಂತೆ ನಿಂತಿದ್ದವು. ಕಿಟಕಿ ಇಳಿಸಬೇಕೆಂದರೆ ಕೈಯಲ್ಲೇ ತಿರುಗಿಸಬೇಕು. ಯಾರಿಗೂ ಬುದ್ಧಿ ಹೇಳದ ಯಂತ್ರ. ಹಲ್ಲಕ್ಕನ ಮನಸ್ಸು ಅಲ್ಲೇ ಕೂತುಬಿಟ್ಟಿತು. ಷೆಡ್ಡು ಖಾಲಿ ಮಾಡಿ ಎಂಬ ಹೆಂಡತಿಯ ಕಾಟಕ್ಕೆ ಯಜಮಾನರು ಮಾರಲು ಒಪ್ಪಿದರಾದರೂ ಡಾಕ್ಟರರ ಎದುರಿಗೇ ಮಾತು ತೆಗೆದುಕೊಂಡರು: ಒಂದು ಚೂರು ನಕಲಿ ಸೇರಿದರೂ ಕಾರು ಅವರಿಗೆ ವಾಪಸ್ಸು.

ವಾರ ಕಳೆದಿರಲಿಲ್ಲ. ಬೆಳಗಿನ ಚಳಿಗೆ ಮುನಿಸಿಕೊಂಡ ಇಂಜಿನ್ನನ್ನು ಎಬ್ಬಿಸಲು ಚೋಕಿನ ಗುಂಡಿ ಎಳೆದರೆ ಗುಂಡಿ ಕೈಗೇ ಬಂತು. ಬೆಳಕಿಗೆ ಹಿಡಿದು ನೋಡಿದಳು. ಕಪ್ಪು ಬಣ್ಣ ಬಳಿದು ಅಂಟಿಸಿದ್ದ ಟೂತ್‌ಪೇಸ್ಟಿನ ಮುಚ್ಚಳ! ಮೈಯೆಲ್ಲ ಉರಿದುಹೋಯಿತು. ಮೋಸ ಮಾಡುವವರು ಬೇರೆ ಏನನ್ನಾದರೂ ಅಂಟಿಸಬಾರದಿತ್ತೇ, ಹಲ್ಲು ಕಟ್ಟಿ ಬದುಕುವವಳಿಗೇ ಪೇಸ್ಟಿನ ಮುಚ್ಚಳವೇ? ಆದರೂ ಹಿರಿಯರ ಮೀಸೆ ಉಳಿಯಲಿ ಎಂದು ಸಿಟ್ಟು ನುಂಗಿ, ಮುಚ್ಚಳವನ್ನು ಮೇಜಿನ ಖಾನೆಗೆ ಹಾಕಿದಳು. ಕಟ್ಟುಹಲ್ಲಿನ ವಸಡು ಮಾಡುವ ಪುಡಿಗೆ ಕಪ್ಪು ಬಣ್ಣ ಕಲಸಿ, ಅಚ್ಚಿಗೆ ಹಾಕಿ ಬೇಯಿಸಿ, ಮುಖ ಕಾಣುವಂತೆ ಉಜ್ಜಿ ಹೊಸ ಗುಂಡಿ ಕೂರಿಸಿದಳು. ಕಾರು ಒಂದೇ ಎಳೆತಕ್ಕೆ ಎದ್ದು ನಿಂತಿತು.

ಅಲ್ಲಿಂದ ಅದು ದಿನಾ ಓಡಿತು. ಕೆಲಸಕ್ಕೆ, ಮಾರ್ಕೆಟ್ಟಿಗೆ, ಹಲ್ಲಿನ ಅಚ್ಚಿಗೆ ಬೇಕಾದ ಪ್ಲಾಸ್ಟರಿನ ಚೀಲ ತರಲಿಕ್ಕೆ. ಒಂದು ದಿನ ಮಾರ್ಕೆಟ್ಟಿನಲ್ಲಿ, ತಾವು ಕೂರಲೂ ಹೆದರುತ್ತಿದ್ದ ಹಿಂದಿನ ಸೀಟಿನಲ್ಲಿ ಈರುಳ್ಳಿ ಮೂಟೆ ಕಾಲುಚಾಚಿ ಮಲಗಿದ್ದನ್ನು ಯಜಮಾನರು ಕಂಡರು. ಅವರ ಎದೆ ಒಡೆದ ಸದ್ದು ಮೂರು ಬೀದಿಗೆ ಕೇಳಿಸಿತಂತೆ.

ಮರುದಿನ ಹಲ್ಲಕ್ಕ ಬರುವ ಮೊದಲೇ, ಅವಳೇ ಮಾಡಿಕೊಟ್ಟ ಹೊಸ ಹಲ್ಲು ಕಡಿಯುತ್ತ ಬಂದು ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತಿದ್ದರು. ದೇವರಂತೆ ಬಟ್ಟೆ ಹೊದಿಸಿ ಇಡಬೇಕಾದ್ದನ್ನು ಕತ್ತೆಯ ಹಾಗೆ ದುಡಿಸುತ್ತಿದ್ದೀಯಲ್ಲ ಎಂದು ಕೂಗಾಡಿದರು. ಬಾನೆಟ್ ಎತ್ತಿಸಿದರು, ನೆಲಕ್ಕೆ ಬಿದ್ದು ಅಡಿಯಲ್ಲಿ ಇಣುಕಿದರು. ನಕಲಿ ಏನೂ ಸಿಗಲಿಲ್ಲ. ಸೋತು ಸೀಟಿನಲ್ಲಿ ಕೂತವರ ಕೈ ಚೋಕಿನ ಗುಂಡಿಗೆ ತಾಗಿತು. ಮುಖ ಹಬ್ಬದ ಹಾಗೆ ಅರಳಿತು.

"ಸಿಕ್ಕಿಬಿದ್ದೆ ನೋಡು. ಇದು ನಾನು ಕೊಟ್ಟ ಗುಂಡಿ ಅಲ್ಲ. ಎಲ್ಲಿ, ಕೊಡಮ್ಮ ಕಾರಿನ ಕೀಲಿ."

ಗಲಾಟೆಗೆ ಡಾಕ್ಟರರೂ ಹೊರಗೆ ಬಂದರು. ಕೊಟ್ಟ ಮಾತಿಗೆ ಅವರೇ ಸಾಕ್ಷಿ. ಹಲ್ಲಕ್ಕನಿಗೆ ಎರಡು ಬಸ್ಸೂ ಆ ಕಂಕುಳೂ ಕಣ್ಮುಂದೆ ಬಂದು ನಿಂತವು. ಸರಸರ ಒಳಗೆ ಹೋಗಿ ಖಾನೆಯಿಂದ ಮುಚ್ಚಳ ತಂದು ಯಜಮಾನರ ಅಂಗೈ ಮೇಲಿಟ್ಟಳು.

"ಹೌದು, ನೀವು ಕೊಟ್ಟಿದ್ದು ಅದಲ್ಲ, ಇದು. ಇದೂ ಜಪಾನಿಂದಲೇ ಬಂತಾ ಯಜಮಾನ್ರೇ?"

ಡಾಕ್ಟರರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಯಜಮಾನರ ಮೀಸೆಯ ತುದಿಗಳು ಬಿಸಿಲಿಗೆ ಸೊಪ್ಪು ಬಾಡಿದಂತೆ ಇಳಿದವು. ಆದರೂ ಬಾಯಿ ಸೋಲಲಿಲ್ಲ.

"ಅದಕ್ಕೇನೀಗ? ನೀನು ಹಾಕಿರೋದೂ ನಕಲೀನೇ ತಾನೇ?"

"ನಕಲೀನೇ. ನಿಮ್ಮ ಕಟ್ಟುಹಲ್ಲಿನ ವಸಡಿಗೆ ಹಾಕಿದ ಪುಡೀಲೇ ಮಾಡಿದ್ದು. ಆ ನಕಲಿ ಹಲ್ಲನ್ನ ಬಟ್ಟೆ ಸುತ್ತಿ ಷೆಡ್ಡಲ್ಲಿಟ್ಟು ಉಪವಾಸ ಕೂತಿದ್ದೀರಾ? ದಿನಾ ಅಗೀತೀರಲ್ಲ? ಕಾರು ವಾಪಸ್ ಬೇಕಂದ್ರೆ ಮೊದಲು ಆ ಹಲ್ಲು ಬಿಚ್ಚಿ ಈ ಬಾನೆಟ್ ಮೇಲಿಡಿ. ಮೀಸೆ ವಿಷಯ ಆಮೇಲೆ ಮಾತಾಡೋಣ."